ಬರಲಿರುವ ಕಾರಿನ ಮಾಲಕ

ಎಪ್ಪತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಬನ್ನಿಮಟ್ಟಿಯೊಳಗೆ ಮೂರು ಮೋಟಾರುಗಳಿದ್ದವೆಂದು ಸರಕಾರಿ ಕಾಗದ ಹೇಳುತ್ತದೆ. ಒಂದು, ಅಡತಿ ಅಂಗಡಿಯ ಸಂಗಣ್ಣ ಸಾಹುಕಾರನ ಕರಿ ಕಾರು, ಅದು ಓಡುತ್ತಿತ್ತು. ಇನ್ನೊಂದು, ಚಾವಡಿಯ ಹಿಂದೆ ಬೇವಿನ ಗಿಡದಡಿ ನಿಂತ ಸರಕಾರಿ ಜೀಪು, ಅದು ಓಡುತ್ತಿರಲಿಲ್ಲ. ಮೂರನೆಯದು ವಾಚನಾಲಯದ ಜವಾನ ಭೀಮಶ್ಯಾನದು. ಅದು ಇನ್ನೂ ತಯಾರಾಗಿರಲಿಲ್ಲ.

ಓಡುವ ಕಾರಿನ ಬಗ್ಗೆ ಸರಕಾರ ಒಂದು ಮಾತೂ ಕೇಳಲಿಲ್ಲ. ಓಡದ ಜೀಪಿಗೆ ತಿಂಗಳಿಗೊಮ್ಮೆ ಎಣ್ಣೆ ಹಾಕಿಸಿತು. ಹುಟ್ಟದ ಕಾರಿನ ಮೇಲೆ ಮಾತ್ರ ವಿಚಾರಣೆ ಮಾಡಿತು, ಪಂಚನಾಮೆ ಬರೆಯಿತು, ಶಿಕ್ಕಾ ಹೊಡೆಯಿತು.

ಸಿಂದಗಿಯಿಂದ ಇಂಡಿಗೆ ಹೋಗುವ ಬಸ್ಸು ಬನ್ನಿಮಟ್ಟಿಯಲ್ಲಿ ಒಂದು ಚಹಾದಷ್ಟು ಹೊತ್ತು ನಿಲ್ಲುತ್ತದೆ. ಅಲ್ಲಿನ ವಾಚನಾಲಯದಲ್ಲಿ ಕಸ ಹೊಡೆಯುವುದು, ಪತ್ರಿಕೆಗಳನ್ನು ಬಿದಿರ ಕೋಲಿಗೆ ಕಟ್ಟಿ ತೂಗಹಾಕುವುದು, ಮಲಗಿದವರನ್ನು ಎಬ್ಬಿಸುವುದು ಭೀಮಶ್ಯಾನ ಕೆಲಸ. ಹನ್ನೊಂದು ವರ್ಷದಿಂದ ಅವನು ತಾತ್ಕಾಲಿಕ ನೌಕರ. ಅವನೂ ಹೆಂಡತಿ ಗುಂಡವ್ವನೂ ಇದ್ದದ್ದು ಸಂಗಣ್ಣ ಸಾಹುಕಾರನ ಗೋದಾಮಿಗೆ ಆತುಕೊಂಡ ತಗಡಿನ ಖೋಲಿಯಲ್ಲಿ. ಅಂಥ ಖೋಲಿಗಳು ಸಾಹುಕಾರನಿಗೆ ಇಪ್ಪತ್ತಮೂರು. ಬೇಸಿಗೆಯಲ್ಲಿ ಒಳಗೆ ಹಿಟ್ಟು ಕಲಸಿಟ್ಟರೆ ರೊಟ್ಟಿ ತಾನೇ ಬೇಯುತ್ತದೆ ಎಂದು ಗುಂಡವ್ವ ಅನ್ನುತ್ತಿದ್ದಳು. ಅವಳಿಗೆ ಉತ್ಪ್ರೇಕ್ಷೆಯ ಅಭ್ಯಾಸವಿರಲಿಲ್ಲ.

ಆ ವರ್ಷ ಸರಕಾರ, ಮನೆಯಿಲ್ಲದವರಿಗೆ ಜಾಗ ಕೊಡುತ್ತೇನೆಂದು ಸಾರಿತ್ತು. ಊರ ಪೂರ್ವದ ಬಯಲಲ್ಲಿ ಸುಣ್ಣದ ಗೆರೆ ಎಳೆದು ಸೈಟು ಮಾಡಿದರು. ಭೀಮಶ್ಯಾನ ಹೆಸರಿಗೆ ಹದಿನಾಲ್ಕನೆಯ ನಂಬರು. ಗುಂಡವ್ವ ದಿನಾ ಸಂಜೆ ಹೋಗಿ ಆ ಗೆರೆಯೊಳಗೆ ನಿಂತು, ಇಲ್ಲಿ ಒಲೆ, ಇಲ್ಲಿ ಬಾಗಿಲು ಎಂದು ಕಾಲಲ್ಲಿ ಗುರುತು ಮಾಡಿ ಬರುತ್ತಿದ್ದಳು. ಇಪ್ಪತ್ತಮೂರು ಖೋಲಿಯವರೂ ಅರ್ಜಿ ಕೊಟ್ಟಿದ್ದರು. ಇಪ್ಪತ್ತಮೂರೂ ಖಾಲಿಯಾದರೆ ಬಾಡಿಗೆ ಯಾರಿಂದ ಬರಬೇಕು ಎಂಬ ಚಿಂತೆ ಸಾಹುಕಾರನಿಗೆ ಇದ್ದಿರಬೇಕು. ಏಕೆಂದರೆ ಯಾದಿಯಿಂದ ಹೆಸರುಗಳು ಒಂದೊಂದೇ ಉದುರತೊಡಗಿದವು. ಕುರಿಗಾರ ಮಾಳಿಂಗಪ್ಪನಿಗೆ ಹದಿನೆಂಟು ಕುರಿ, ಆದ್ದರಿಂದ ಬಡವನಲ್ಲ. ಕುರಿ ಸಾಹುಕಾರನವು ಎಂಬುದನ್ನು ಯಾರೂ ಬರೆದುಕೊಳ್ಳಲಿಲ್ಲ. ಪಕ್ಕದ ಖೋಲಿಯ ರೋಷನಬಿ ಹಳೇ ಹೊಲಿಗೆ ಮಿಷನ್ನಿನ ಮೇಲೆ ಊರ ಹರಿದ ಕುಬಸ ಹೊಲಿದು ಬದುಕಿದವಳು. ಅವಳ ಹೆಸರಿನ ಮುಂದೆ 'ಯಂತ್ರದ ಒಡತಿ' ಎಂದು ಬರೆದು ಗೀಟು ಹಾಕಿದರು. ಭೀಮಶ್ಯಾನ ಹತ್ತಿರ ಕುರಿಯಿಲ್ಲ, ಯಂತ್ರವಿಲ್ಲ, ಒಂದು ಕೋಳಿಯೂ ಇಲ್ಲ. ಅವನ ಹೆಸರು ಹೊಡೆದುಹಾಕಲು ಸರಕಾರಕ್ಕೆ ಕಾರಣ ಸಿಗಲಿಲ್ಲ. ಅದನ್ನು ಅವನೇ ಒದಗಿಸಿದ.

ಅವನದೊಂದು ಖೋಡಿ ಚಟ: ಓದಿದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ತುರ್ತು ಪರಿಸ್ಥಿತಿಯ ಆ ವರ್ಷ ಪತ್ರಿಕೆಗಳಲ್ಲಿ ಓದುವಂಥದ್ದೇನೂ ಇರಲಿಲ್ಲ. ಎಲ್ಲ ರೈಲುಗಳೂ ಹೊತ್ತಿಗೆ ಸರಿಯಾಗಿ ಬರುತ್ತಿದ್ದವು, ಎಲ್ಲ ಬಡವರೂ ಫೋಟೋದಲ್ಲಿ ನಗುತ್ತಿದ್ದರು. ಹೀಗಾಗಿ ಅವನು, ಮುಂಬಯಿಯ ಯಾರೋ ಎಂಜಿನಿಯರು ರದ್ದಿಯೆಂದು ದಾನ ಮಾಡಿದ ಇಂಗ್ಲಿಷ್ ಮೋಟಾರು ಮಾಸಿಕಗಳ ಕಟ್ಟು ಬಿಚ್ಚಿದ. ಒಂದರಲ್ಲಿ ಕೆಂಪು ಕಾರಿನ ಚಿತ್ರ. ಚಪ್ಪಟೆಯಾಗಿ, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ ಉಡದ ಹಾಗೆ. ಹೈಸ್ಕೂಲಿನ ಮಾಸ್ತರರನ್ನು ಬೇಡಿಕೊಂಡು ಓದಿಸಿದ.

"ಎಂಜಿನ್ನು ಮುಂದಿಲ್ಲ, ಹಿಂದಿಲ್ಲ, ನಟ್ಟನಡುವ ಐತಿ. ಓಡಸವನ ಬೆನ್ನಿಗಿ ಹತ್ತಿ. ಕೂಡಾಕ ಇಬ್ಬರಿಗೆ ಅಷ್ಟ ಜಾಗಾ. ಇನ್ನೂ ಬಂದಿಲ್ಲ, ಬರೂದೈತಿ," ಎಂದರು ಮಾಸ್ತರರು.

"ದರ ಏನ್ರಿ?"

"ಕಂಪನ್ಯಾವರು ಹೇಳಿಲ್ಲ. ಇಷ್ಟಾಗಬಹುದು, ಅಷ್ಟಾಗಬಹುದು ಅಂತ ಬರದವ ನಾಕು ಪುಟ ಅಂದಾಜು ಮಾಡ್ಯಾನ."

ಭೀಮಶ್ಯಾ ಬೆರಗಾದ. ಇಲ್ಲದ ವಸ್ತು, ಗೊತ್ತಿಲ್ಲದ ದರ, ಅದರ ಮೇಲೆ ನಾಲ್ಕು ಪುಟ! ಹಾಗಾದರೆ ಇದು ತನ್ನ ಕೈಯಿಂದಲೂ ಆಗುವ ಕೆಲಸ. ಅಂದಿನಿಂದ ಚಹಾದಂಗಡಿಯ ಕಟ್ಟೆಯ ಮೇಲೆ ಅವನು ದಿನಕ್ಕೊಂದು ಅಂದಾಜು ಹೊರಡಿಸತೊಡಗಿದ. ಸೋಮವಾರ ಒಂದು ಲಕ್ಷ. ಬುಧವಾರ ಸುಂಕ ಸೇರಿಸಿ ಎರಡೂವರೆ. ಶುಕ್ರವಾರ ಕಂಪನಿಗೆ ಸ್ವಲ್ಪ ಕರುಣೆ ಬಂದು ಒಂದೂಮುಕ್ಕಾಲು.

"ನಡಕ ಎಂಜಿನ್ ಇಟ್ರ ಕುಂತಾವನ ಬೆನ್ನು ಸುಡೂದಿಲ್ಲೇನಲೇ?" ಎಂದ ಮಾಳಿಂಗಪ್ಪ.

"ನೀ ಬಂಡಿ ಹೇರುವಾಗ ಜ್ವಾಳದ ಚೀಲ ಎಲ್ಲಿ ಒಟ್ಟತಿ? ಮುಂದ ಮೂಕಿ ಮ್ಯಾಲೋ, ಹಿಂದಿನ ತುದಿಗೋ?"

"ಅಚ್ಚಿನ ನಡಮಧ್ಯ. ಇಲ್ಲಂದ್ರ ಬಂಡಿ ಎತ್ತಿನ ಕುತಗಿ ಮುರೀತೈತಿ, ಇಲ್ಲಾ ಮೂಕಿ ಮ್ಯಾಲೇಳತೈತಿ."

"ಅದ ಲೆಕ್ಕ ಇಲ್ಲಿ. ಭಾರ ನಡುವಿದ್ರ ತಿರುವಿನಾಗ ಬೀಳೂದಿಲ್ಲ. ನಿನಗ ಗೊತ್ತಿದ್ದದ್ದು ಇಂಗ್ಲಿಷ್ ಮಂದಿಗೆ ಈಗ ಗೊತ್ತಾಗೇತಿ."

ಕಟ್ಟೆ ಒಪ್ಪಿಕೊಂಡಿತು. ಇಲ್ಲಿಯವರೆಗೆ ಅಪಾಯವೇನೂ ಇರಲಿಲ್ಲ. ಅಪಾಯ ಬಂದದ್ದು ಸಂತೆಯ ದಿನ, ದನದ ದಲಾಲ ದಾವಲಮಲಿಕನ ಟವೆಲಿನ ರೂಪದಲ್ಲಿ.

ನಮ್ಮ ಕಡೆಯ ದನದ ಸಂತೆಯಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ. ದಲಾಲ ತನ್ನ ಟವೆಲನ್ನು ಎದುರಿನವನ ಕೈಮೇಲೆ ಹೊದಿಸುತ್ತಾನೆ. ಅದರಡಿಯಲ್ಲಿ ಬೆರಳು ಬೆರಳು ಹಿಡಿದು ದರ ಕುದುರಿಸುವ ಸವದಿ ನಡೆಯುತ್ತದೆ. ಎರಡು ಬೆರಳೆಂದರೆ ಎರಡು. ನೂರೋ ಸಾವಿರವೋ ಎಂಬುದು ದನ ನೋಡಿದವನಿಗೆ ತಿಳಿಯಬೇಕು. ಕೈ ಹೊರಬಂದು ದಲಾಲ "ಆತು" ಅಂದನೋ, ಆಯಿತು. ಆಮೇಲೆ ತಿರುಗಿಬಿದ್ದವನ ದನದ ದಾವಣಿಗೆ ಮೂರು ಸಂತೆ ಗಿರಾಕಿ ಹಾಯುವುದಿಲ್ಲ. ಹಿಡಿದ ಬೆರಳೆಷ್ಟು ಎಂದು ಕೇಳುವುದು ಮಹಾಪಾಪ. ಊಹಿಸುವುದಕ್ಕೆ ಮಾತ್ರ ಅಡ್ಡಿಯಿಲ್ಲ.

ಆ ದಿನ ದಾವಲಮಲಿಕ ಎರಡು ಜೋಡಿ ಎತ್ತು ಮಾರಿ ಖುಷಿಯಲ್ಲಿದ್ದ. ಭೀಮಶ್ಯಾನನ್ನು ಕಂಡು ಕೂಗಿದ: "ಏ ಭೀಮಶ್ಯಾ, ದಿನಾ ಒಂದು ದರಾ ಹೇಳತೀಯಂತ ನಿನ್ನ ಕಾರಿಂದು. ಇವತ್ತ ಖರೇ ಖರೇ ಹೇಳು, ಕಡೀ ಮಾತು!"

ಭೀಮಶ್ಯಾ ಬಾಯಿ ತೆರೆದ. ದಾವಲಮಲಿಕನಿಗೆ ಮೂವತ್ತು ವರ್ಷದ ಅಭ್ಯಾಸ. ಸಂತೆಯಲ್ಲಿ ನಿಂತು ಬಾಯಿಂದ ದರ ಕೇಳುವುದೆಂದರೆ ಬಟ್ಟೆಯಿಲ್ಲದೆ ನಿಂತ ಹಾಗೆ. ಟವೆಲು ಹಾರಿ ಭೀಮಶ್ಯಾನ ಮುಂಗೈ ಮೇಲೆ ಬಿತ್ತು. ಒಳಗೆ ಭೀಮಶ್ಯಾ ಅವನ ಮೂರು ಬೆರಳು ಹಿಡಿದ. ದಾವಲಮಲಿಕ ತಲೆಯಲ್ಲಾಡಿಸಿ ಎರಡು ಹಿಡಿದ. ಭೀಮಶ್ಯಾ ಎರಡು ಹಿಡಿದು ಇನ್ನೊಂದನ್ನು ಅರ್ಧಕ್ಕೆ ಮಡಿಸಿದ. ದಾವಲಮಲಿಕ ಕಣ್ಣು ಮುಚ್ಚಿ ವಿಚಾರ ಮಾಡಿ, ಕೈ ಹೊರತೆಗೆದು, ಸಂತೆಗೆಲ್ಲ ಕೇಳುವ ಹಾಗೆ ಹೇಳಿದ: "ಆತು!"

ಅಂದಾಜಿಗೆ ಅಂದಾಜು ಕೂಡಿತು ಎಂದು ಅವನ ಅರ್ಥ. ಸಂತೋಷಕ್ಕೆ ಚಹಾ ಕುಡಿಸಿದ. ಸವದಿ ಮುಗಿದ ಮೇಲೆ ದಲಾಲ ಚಹಾ ಕುಡಿಸುವುದೂ ಇಲ್ಲಿಯ ಪದ್ಧತಿಯೇ. ಚಹಾ ಗಂಟಲಿಳಿಯುವ ಮುಂಚೆ ಸುದ್ದಿ ಸಂತೆ ದಾಟಿತು: ಭೀಮಶ್ಯಾ ನಡು ಎಂಜಿನ್ನಿನ ಕಾರು ಖರೀದಿ ಮಾಡಿದ.

ಎರಡೂವರೆ ಬೆರಳೆಂದರೆ ಎಷ್ಟು? ಎರಡೂವರೆ ಸಾವಿರವೆಂದ ಕ್ಷೌರದ ಹಡಪದವನನ್ನು ನಗೆಯಾಡಿ ಕೂರಿಸಿದರು. ಲಕ್ಷವೇ ಇರಬೇಕೆಂದು ಸಂಗಣ್ಣ ಸಾಹುಕಾರ ಅಡತಿಯ ಗಾದಿಯ ಮೇಲಿಂದಲೇ ಹೇಳಿದ. ಅವನಿಗೆ ಆ ಅಂಕಿ ಬಹಳ ಸೇರಿತು. "ನನ್ನ ಖೋಲ್ಯಾಗ ಇದ್ಕೊಂಡು ಲಕ್ಷಾಧೀಶ ಆದನಲ್ರಿ! ಅಂಥವ್ರಿಗೆ ಸರಕಾರಿ ಸೈಟು ಯಾಕ?" ಎಂದು ಬಂದ ಬಂದ ಗಿರಾಕಿಗೆ ಹೇಳಿದ.

ಮೂರನೆಯ ದಿನ ದೇವಣಗಾಂವದಿಂದ ಗುಂಡವ್ವನ ತಾಯಿ ತಿಪ್ಪವ್ವ, ಮಗ ಅಮೋಘಸಿದ್ಧನ ಕೂಡ ಬಸ್ಸಿಳಿದಳು. ಹೊಸ ಸೀರೆ, ಕಂಕುಳಲ್ಲಿ ಸಜ್ಜಿ ರೊಟ್ಟಿಯ ಗಂಟು.

"ಎಲ್ಲೈತ್ಯೋ ಕಾರು? ಬಸವನ ಬಾಗೇವಾಡಿಗೆ ಹೋಗಿ ಬಸವಣ್ಣಗ ಕಾಯಿ ಒಡಿಸಿಕೊಂಡು ಬರೂಣು, ನಡಿ."

"ಇನ್ನೂ ಬಂದಿಲ್ಲವ್ವಾ. ಬಂದ್ರೂ ಅದರಾಗ ಇಬ್ಬರಽ ಕೂಡ್ತಾರ," ಎಂದು ಭೀಮಶ್ಯಾ ಬೆವರಿದ.

"ಇಬ್ಬರು? ಹಿಂದ ಕೂಡ್ತೀವಿ ನಾವು."

"ಹಿಂದ ಎಂಜಿನ್ ಕೂಡತೈತಿ."

ತಿಪ್ಪವ್ವ ರೊಟ್ಟಿಯ ಗಂಟನ್ನು ನೆಲಕ್ಕೆ ಕುಕ್ಕಿದಳು. "ಕೇಳಿದೇನೋ ಅಮೋಘಸಿದ್ಧ! ಹೆಣ್ಣು ಕೊಟ್ಟ ಅತ್ತಿ ಕೂಡೂ ಜಾಗದಾಗ ಇಂವ ಎಂಜಿನ್ ಕೂಡಸ್ಯಾನ! ಅತ್ತಿಗಿಂತ ಎಂಜಿನ್ ಹೆಚ್ಚಾತು!"

"ಎಂಜಿನ್ ತಗದು ಮುಂದ ಹಾಕಸ್ರಿ ಭಾವಾ," ಎಂದ ಅಮೋಘಸಿದ್ಧ ಶಾಂತಿ ಮಾಡುವವನಂತೆ. "ಸಿಂದಗ್ಯಾಗ ನಮ್ಮ ಪರಿಚಯದ ಮೇಸ್ತ್ರಿ ಅದಾನ."

"ಯವ್ವಾ, ಕಾರಽ ಇಲ್ಲ. ಇಂವ ಬರೇ ಬಾಯಿಲೆ ಓಡಸ್ಯಾನ," ಎಂದಳು ಗುಂಡವ್ವ.

"ಮುಚ್ಚಿಡಾಕ ನೀನೂ ಕಲತಿ," ಎಂದು ತಾಯಿ ಅದೇ ಬಸ್ಸು ತಿರುಗಿ ಬರುವವರೆಗೆ ರಸ್ತೆಯಲ್ಲೇ ನಿಂತು, ಹತ್ತಿ ಹೋದಳು. ರೊಟ್ಟಿಯನ್ನೂ ಒಯ್ದಳು.

ಮರುದಿನ ಸೈಟಿನ ಗುಮಾಸ್ತ ಪಂಚನಾಮೆಗೆ ಬಂದ. ಟೇಪು ಹಿಡಿದು ಖೋಲಿಯ ಬಾಗಿಲು ಅಳೆದ: ಎರಡೂವರೆ ಫೂಟು. ಒಳಗೆ ಬಗ್ಗಿ ನೋಡಿದ. ಒಂದು ಬೀಸುವ ಕಲ್ಲು, ಎರಡು ಕೊಡ, ಒಂದು ಕೌದಿ.

"ಕಾರು ಎಲ್ಲಿ ಇಟ್ಟೀರಿ?"

"ಗಡಿಗ್ಯಾಗ ನೋಡ್ರಿ, ಇದ್ರ ಇದ್ದೀತು," ಎಂದಳು ಗುಂಡವ್ವ.

ಗುಮಾಸ್ತ ಗಂಭೀರವಾಗಿ ಬರೆದ: 'ಸದರಿ ಮನೆಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಆದ್ದರಿಂದ ಕಾರನ್ನು ಬೇರೆ ಕಡೆ ಇಟ್ಟಿರುವ ಸಂಭವವಿದೆ.' ಇದನ್ನು ಓದಿ ನಗುವವರು ನಗಲಿ. ಇದೇ ಗುಮಾಸ್ತ ಇದೇ ಖೋಲಿಯಲ್ಲಿ ನಿಂತಿದ್ದ. ತಗಡಿನ ಕಾವಿಗೆ ಅವನ ಹಣೆಯ ಬೆವರು ಕಾಗದದ ಮೇಲೆ ಬಿದ್ದು ಶಾಯಿ ಹರಡಿತು. ಇಲ್ಲದ ಕಾರು ಅವನಿಗೆ ಕಂಡಿತು, ಇದ್ದ ತಗಡು ಕಾಣಲಿಲ್ಲ. ತಗಡನ್ನು ಬರೆಯಲು ಅವನ ಛಾಪಿಸಿದ ಫಾರ್ಮಿನಲ್ಲಿ ಜಾಗವೇ ಇರಲಿಲ್ಲ!

ಬಳಿಕ ಭೀಮಶ್ಯಾನನ್ನು ಸೈಟಿನ ಸಾಹೇಬರ ಮುಂದೆ ನಿಲ್ಲಿಸಿದರು. ಸಾಹೇಬರು ದಕ್ಷಿಣದ ಕಡೆಯವರು, ಬಿಸಿಲಿಗೆ ಬೇಸತ್ತವರು. ಅವರ ಬೆನ್ನ ಹಿಂದಿನ ಗೋಡೆಯ ಮೇಲೆ ದಪ್ಪಕ್ಷರದ ಕಾಗದ: 'ವದಂತಿ ಹಬ್ಬಿಸಬೇಡಿ.'

"ಕಾರು ಇದೆಯೋ ಇಲ್ವೋ? ಒಂದೇ ಮಾತು."

"ಇಲ್ರಿ ಸಾಹೇಬ್ರ."

"ಇಲ್ದೇ ಇರೋ ಕಾರನ್ನ ಇದೆ ಅಂತ ಊರಿಗೆಲ್ಲ ಹೇಳಿದ್ದು ಯಾರು? ಇದೇ ವದಂತಿ. ಈಗಿನ ಕಾಲದಲ್ಲಿ ಇದಕ್ಕೇನು ಶಿಕ್ಷೆ ಗೊತ್ತಾ? ಜೈಲು."

ಭೀಮಶ್ಯಾ ಗೋಡೆ ನೋಡಿದ, ಬಾಗಿಲ ಪೊಲೀಸನನ್ನು ನೋಡಿದ. "ಹಂಗಾರ ಐತ್ರಿ."

"ಇದ್ರೆ ನೀನು ಬಡವನಲ್ಲ. ಸೈಟು ರದ್ದು."

"ಇಲ್ರಿ, ಇಲ್ಲ!"

"ಹಾಗಾದ್ರೆ ಜೈಲು."

"ಐತ್ರಿ!"

"ರದ್ದು."

ಹೀಗೆ ಎರಡು ಸಲ ಕಾರು ಹೋಗಿ ಎರಡು ಸಲ ಬಂತು. ಜೈಲಿಗೂ ಬಯಲಿಗೂ ನಡುವೆ ನಿಂತು ಭೀಮಶ್ಯಾ ಕೈ ಜೋಡಿಸಿದ: "ನಡಮಧ್ಯದ್ದು ಏನಾರ ಇದ್ರ ನೋಡ್ರಿ ಸಾಹೇಬ್ರ."

ಗುಮಾಸ್ತ ಅನುಭವಸ್ಥ. ಬಗ್ಗಿ ಸಾಹೇಬರ ಕಿವಿಯಲ್ಲಿ ಉಸುರಿದ. ಮರುದಿನ ಚಾವಡಿಯ ಗೋಡೆಗೆ ನೋಟೀಸು ಬಿತ್ತು: 'ಸದರಿ ಭೀಮಶ್ಯಾ ಬರಲಿರುವ ಕಾರಿನ ಮಾಲಕನಾದ ಕಾರಣ, ಸದರಿ ಕಾರು ಬಂದು ಅದರ ಕಿಮ್ಮತ್ತು ನಿಶ್ಚಯವಾಗುವವರೆಗೆ ಹದಿನಾಲ್ಕನೆಯ ನಿವೇಶನವನ್ನು ತಡೆಹಿಡಿಯಲಾಗಿದೆ.' ಕೆಳಗೆ ಸಹಿ, ನೀಲಿ ಶಿಕ್ಕಾ.

ಭೀಮಶ್ಯಾ ಮನೆಗೆ ಬಂದು ಗೋಡೆಗೆ ಮುಖಮಾಡಿ ಮಲಗಿದ. "ಹೋತು. ನನ್ನ ಬಾಯಿಂದ ಹೋತು."

"ಏನ ಬರದಾರ, ಇನ್ನೊಮ್ಮಿ ಹೇಳು," ಎಂದಳು ಗುಂಡವ್ವ. ಹೇಳಿದ. "ಮತ್ತೊಮ್ಮಿ." ಹೇಳಿದ. ಅವಳು ಬೀಸುವ ಕಲ್ಲು ನಿಲ್ಲಿಸಿ 'ಬರೂತನಕ' ಎಂಬ ಮಾತನ್ನು ತಾನೂ ಒಮ್ಮೆ ಹೇಳಿ ನೋಡಿದಳು. ಆಮೇಲೆ ಮತ್ತೆ ಬೀಸತೊಡಗಿದಳು, ಮೊದಲಿಗಿಂತ ಜೋರಾಗಿ.

ಸೈಟು ಹಂಚುವ ದಿನ ಬಯಲಲ್ಲಿ ಮಂಟಪ ಹಾಕಿದರು. ಜಿಲ್ಲೆಯಿಂದ ದೊಡ್ಡ ಸಾಹೇಬರು ಬಂದಿದ್ದರು, ಫೋಟೋದವನೂ ಬಂದಿದ್ದ. ಇಪ್ಪತ್ತಮೂರು ಖೋಲಿಯವರು ಬಿಸಿಲಲ್ಲಿ ನಿಂತರು. ಯಾರಿಗೂ ಸೈಟಿರಲಿಲ್ಲ, ಚಪ್ಪಾಳೆ ಹೊಡೆಯಲು ಕರೆಸಿದ್ದರು. ಸೈಟಿನ ಸಾಹೇಬರು ಯಾದಿ ಓದಿದರು. ಒಂದನೆಯದು ಸಾಹುಕಾರನ ಲೆಕ್ಕಿಗನಿಗೆ. ಎರಡನೆಯದು ಲೆಕ್ಕಿಗನ ಅಳಿಯನಿಗೆ. ಒಬ್ಬೊಬ್ಬರೂ ಬಂದು ಹಕ್ಕುಪತ್ರ ತೆಗೆದುಕೊಂಡು ಫೋಟೋಕ್ಕೆ ಬಡವರ ಹಾಗೆ ನಕ್ಕರು.

"ನಂಬರು ಹದಿನಾಲ್ಕು, ಸೋಮನಿಂಗ."

ಸೋಮನಿಂಗ ಸಾಹುಕಾರನ ಹೆಂಡತಿಯ ತಮ್ಮ. ಮಂಟಪದ ತನಕ ಕರಿ ಕಾರಲ್ಲಿ ಬಂದ. ಬಾಗಿಲು ತೆರೆದು, ಬಡವನಾಗಿ ಇಳಿದ.

"ಇವರಿಗೆ ಕಾರು ಐತಲ್ರಿ! ಕಣ್ಣೆದುರಽ ನಿಂತೈತಿ!" ಎಂದು ಮಾಳಿಂಗಪ್ಪ ಕೂಗಿದ.

ಸೈಟಿನ ಸಾಹೇಬರು ವಿಚಲಿತರಾಗಲಿಲ್ಲ. "ಅದು ಬಂದು ಹನ್ನೆರಡು ವರ್ಷ ಆಯ್ತು. ಹಳೇ ಗಾಡಿ, ಅದಕ್ಕೇನು ಬೆಲೆ? ಭೀಮಶ್ಯಾನದು ಇನ್ನು ಬರೋದು. ಅದರ ಬೆಲೆ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಬೆಲೆ ಯಾವಾಗ್ಲೂ ಜಾಸ್ತಿನೇ."

ಭೀಮಶ್ಯಾನಿಗೆ ಇದು ನ್ಯಾಯವೆಂದೇ ತೋರಿತು. ಅವನ ತಲೆ ಅಷ್ಟು ತಿರುಗಿಹೋಗಿತ್ತು. ಆದರೆ ಅಷ್ಟರಲ್ಲಿ ಗುಂಡವ್ವ ಅವನ ಪಕ್ಕದಲ್ಲಿರಲಿಲ್ಲ. ಅವಳು ಮಂಟಪದ ಮುಂದೆ ನಿಂತಿದ್ದಳು. ಕೈಯಲ್ಲಿ ಚಾವಡಿಯ ಗೋಡೆಯಿಂದ ಅಂಟಿನ ಸಮೇತ ಕಿತ್ತು ತಂದ ನೋಟೀಸು.

"ದೊಡ್ಡ ಸಾಹೇಬ್ರ, ಇದನ್ನ ಓದ್ರಿ. ನನಗ ಓದಾಕ ಬರೂದಿಲ್ಲ."

ದೊಡ್ಡ ಸಾಹೇಬರಿಗೆ ಊಟದ ಹೊತ್ತು. ಮುಗಿಸಿದರೆ ಸಾಕೆಂದು ಗಟ್ಟಿಯಾಗಿ ಓದಿದರು.

"ಕಾರು ಬರೂತನಕ ತಡದೇವಿ ಅಂತ ಬರದಾರ, ಹೌದಿಲ್ರಿ? ತಡದದ್ದನ್ನ ಸೋಮನಿಂಗನ ಕೈಯಾಗ ಹ್ಯಾಂಗ ಕೊಡ್ತೀರಿ? ಕಾರೇನು ಬಂತೇನ್ರಿ?"

ದೊಡ್ಡ ಸಾಹೇಬರು ಸೈಟಿನ ಸಾಹೇಬರ ಕಡೆ ನೋಡಿದರು. ಸೈಟಿನ ಸಾಹೇಬರು ಗುಮಾಸ್ತನ ಕಡೆ ನೋಡಿದರು. ಗುಮಾಸ್ತ ತನ್ನ ಶಿಕ್ಕಾದ ಕಡೆ ನೋಡಿದ. ಅದು ಸ್ಪಷ್ಟವಾಗಿ ಬಿದ್ದಿತ್ತು.

"ಕಾರಽ ಇಲ್ಲ ಅಂತ ಬರೀರಿ, ನಿಮ್ಮ ನೋಟೀಸು ಸುಳ್ಳಾಗತೈತಿ, ಗ್ವಾಡಿ ಮ್ಯಾಲ ವದಂತಿ ಹಚ್ಚಿದವ್ರು ನೀವಾಗತೀರಿ. ಬಂದೈತಿ ಅಂತ ಬರೀರಿ, ನನ್ನ ಕೈಯಾಗ ಕೀಲಿ ಕೊಡ್ರಿ, ಈಗ ಸೈಟು ಬಿಟ್ಟೆ. ಬರೂದೈತಿ ಅಂತಿದ್ರ, ಬರೂತನಕ ಆ ಜಾಗಾ ಕಾಯವ್ರು ಯಾರು? ಲಕ್ಷದ ಕಾರು ಬಂದು ಎಲ್ಲಿ ನಿಲ್ಲಬೇಕ್ರಿ, ನಿಮ್ಮ ತಲಿ ಮ್ಯಾಲ?"

ಬಿಸಿಲಲ್ಲಿ ನಿಂತಿದ್ದವರು ಚಪ್ಪಾಳೆ ಹೊಡೆದರು. ಅದಕ್ಕೇ ತಾನೇ ಅವರನ್ನು ಕರೆಸಿದ್ದು. ಫೋಟೋದವನಿಗೆ ಯಾವಾಗ ಏನು ತೆಗೆಯಬೇಕೆಂದು ತಿಳಿಯದೆ, ದೊಡ್ಡ ಸಾಹೇಬರೂ ಗುಂಡವ್ವನೂ ಒಂದೇ ಕಾಗದ ಹಿಡಿದು ನಿಂತದ್ದನ್ನು ಕ್ಲಿಕ್ಕಿಸಿಬಿಟ್ಟ. ಫೋಟೋ ಆದಮೇಲೆ ಇನ್ನೇನು ಉಳಿಯಿತು? ದೊಡ್ಡ ಸಾಹೇಬರು ನೋಟೀಸಿನ ಅಂಚಿನ ಮೇಲೆ ಬರೆದರು: 'ಕಾರು ಬರುವವರೆಗೆ ಜಾಗವನ್ನು ಈಕೆಯೇ ಕಾಯತಕ್ಕದ್ದು.' ಬರೆದು ಊಟಕ್ಕೆ ಹೋದರು.

ಆ ಸಂಜೆಯೇ ಗುಂಡವ್ವ ಸುಣ್ಣದ ಗೆರೆಯೊಳಗೆ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಭೀಮಶ್ಯಾ ಗೂಟ ಹೊಡೆದ, ಗೂಟ ಓರೆಯಾಯಿತು, ಬೈಸಿಕೊಂಡ, ಮತ್ತೆ ಹೊಡೆದ. ಮಳೆಗಾಲದ ಹೊತ್ತಿಗೆ ಮಣ್ಣಿನ ಗೋಡೆ ಎದೆಮಟ್ಟಕ್ಕೆ ಬಂತು. ಚಾವಡಿಯಿಂದ ಕಾಗದ ಬಂತು: 'ಸದರಿ ಕಾರು ಬಂದಿದೆಯೇ?' ಭೀಮಶ್ಯಾ ಚಂದದ ಅಕ್ಷರದಲ್ಲಿ ಉತ್ತರ ಬರೆದ: 'ಇನ್ನೂ ಇಲ್ಲ. ಕಂಪನಿಯವರು ವಿಚಾರ ಮಾಡುತ್ತಿದ್ದಾರೆ.' ಅವನ ಬದುಕಿನಲ್ಲಿ ಸರಕಾರ ನಂಬಿದ ಮೊದಲ ಹೇಳಿಕೆ ಅದು.

ಇತ್ತ ಉಳಿದ ಇಪ್ಪತ್ತೆರಡು ಖೋಲಿಯವರು ಇದ್ದಲ್ಲೇ ಇದ್ದರು. ಸೋಮನಿಂಗನಿಗೆ ಹದಿನೈದನೆಯ ನಂಬರು ಕೊಟ್ಟು ಸಮಾಧಾನ ಮಾಡಿದರು. ಅವನು ಅಲ್ಲಿ ದನದ ಮೇವಿನ ಕಣಕಿ ಒಟ್ಟಿದ. ಬಡತನ ಇದ್ದವರಿಗೆ ಅದನ್ನು ತೋರಿಸಲು ಸಾಕ್ಷಿ ಬೇಕಾಯಿತು, ಇಲ್ಲದ ಕಾರಿಗೆ ಯಾವ ಸಾಕ್ಷಿಯೂ ಬೇಕಾಗಲಿಲ್ಲ. ಇದು ಗೊತ್ತಾಗಲು ಬನ್ನಿಮಟ್ಟಿಯ ಜನಕ್ಕೆ ಬಹಳ ದಿನ ಹಿಡಿಯಲಿಲ್ಲ.

ಒಂದು ಮುಂಜಾನೆ ಭೀಮಶ್ಯಾ ವಾಚನಾಲಯದ ಬಾಗಿಲು ತೆಗೆಯುವಾಗ ಕಟ್ಟೆಯ ಮೇಲೆ ರೋಷನಬಿ ಕೂತಿದ್ದಳು. ಅವಳ ಹಿಂದೆ ಮಾಳಿಂಗಪ್ಪ, ಮಾಳಿಂಗಪ್ಪನ ಹಿಂದೆ ಖೋಲಿಗಳ ಹತ್ತು ಹದಿನೈದು ಮಂದಿ, ಸಾಲಾಗಿ.

"ತಮ್ಮಾ, ನನ್ನ ಮಿಷನ್ನು ಮಂದಿ ಕಣ್ಣಿಗೆ ಬಿತ್ತು, ಅದಕ್ಕ ಹೆಸರು ಹೊಡದ್ರು," ಎಂದಳು ರೋಷನಬಿ ಸೆರಗು ಸರಿಮಾಡಿಕೊಂಡು. "ನಿನ್ನ ಪುಸ್ತಕದಾಗ ನೋಡಿ ನನಗೂ ಒಂದು ಕಾರು ಹೇಳು."

"ಎಂಥಾದ್ದು ಬೇಕವ್ವಾ?" ಎಂದು ಭೀಮಶ್ಯಾ ತೊದಲಿದ. "ಮುಂದ ಎಂಜಿನ್ ಇರೂದೋ, ನಡಕ ಇರೂದೋ?"

"ಎಂಜಿನ್ ಎಲ್ಲಿದ್ರೂ ನಡೀತೈತಿ," ಎಂದಳು ರೋಷನಬಿ. "ಬರಬಾರದು, ಅಷ್ಟ."